ಮಕ್ಕಳ ಜೊತೆ ಲೋಧಿ ಕಾಲೋನಿಯಲ್ಲಿ ಎಷ್ಟು ಹೊತ್ತು?

ದಸರಾ ರಜೆ ಬಂತೆಂದರೆ ದೆಹಲಿಯ ಕನ್ನಡದ ಮನೆಗಳಿಗೆ ಊರಿನಿಂದ ನೆಂಟರು ಬರುತ್ತಾರೆ. ಬೆಂಗಳೂರಿನಿಂದ ಹೊರಟ ರಾಜಧಾನಿ ಎಕ್ಸ್‌ಪ್ರೆಸ್ ಎರಡು ರಾತ್ರಿ ಓಡಿ, ಬೆಳಗಿನ ಜಾವಕ್ಕೆ ಅವರನ್ನು ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿಸುತ್ತದೆ. ಚೀಲದಲ್ಲಿ ಚಕ್ಕುಲಿ, ಕೋಡುಬಳೆ. ಮೊಬೈಲಿನಲ್ಲಿ ನೋಡಬೇಕಾದ ಜಾಗಗಳ ಪಟ್ಟಿ. ಕೆಂಪುಕೋಟೆಗೆ ಎರಡು ಗಂಟೆ, ಕುತುಬ್ ಮಿನಾರಿಗೆ ಒಂದು ಗಂಟೆ, ಅಕ್ಷರಧಾಮಕ್ಕೆ ಅರ್ಧ ದಿನ, ಆಗ್ರಾಕ್ಕೆ ಒಂದು ದಿನ. ಮಕ್ಕಳಿದ್ದರೆ ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರುತ್ತದೆ: ‘ಮಕ್ಕಳಿಗೆ ಯಾವುದಾದರೂ ಥೀಮ್ ಪಾರ್ಕ್’. ಅದರ ಮುಂದೆ ಮಾತ್ರ ಗಂಟೆಯ ಜಾಗ ಖಾಲಿ ಇರುತ್ತದೆ.

ಮೈಸೂರಿನಿಂದ ಬಂದ ನನ್ನ ತಂಗಿಯ ಪಟ್ಟಿಯೂ ಹಾಗೇ ಇತ್ತು. “ಅಕ್ಕ, ಇದಕ್ಕೆ ಎಷ್ಟೊತ್ತು ಇಟ್ಕೊಳ್ಳೋಣ ಹೇಳು. ಇಡೀ ದಿನ ಬೇಕಾ, ಅರ್ಧ ದಿನ ಸಾಕಾ?” ಎಂದಳು. ಅವಳ ಮಗನಿಗೆ ಒಂಬತ್ತು, ಮಗಳಿಗೆ ಐದು. ಒಬ್ಬನಿಗೆ ಎಷ್ಟು ನಡೆದರೂ ಸಾಲದು, ಇನ್ನೊಬ್ಬಳು ಸುಸ್ತಾದರೆ ನಿಂತಲ್ಲೇ ಕೈ ಮೇಲೆತ್ತಿ “ಎತ್ಕೋ” ಅನ್ನುವವಳು. ಇವರಿಬ್ಬರ ಹೊತ್ತನ್ನು ಮೊದಲು ಟಿಕೆಟ್ ಇಲ್ಲದ ಜಾಗದಲ್ಲಿ ನೋಡೋಣ, ಆಮೇಲೆ ಟಿಕೆಟ್ ಇರುವ ಜಾಗದ ಮಾತು ಎಂದು ನಾನು ಅವರನ್ನು ಲೋಧಿ ಕಾಲೋನಿಗೆ ಕರೆದುಕೊಂಡು ಹೊರಟೆ.

ಹಳದಿ ಲೈನಿನ ಜೋರ್ ಬಾಗ್ ಮೆಟ್ರೋದಲ್ಲಿ ಇಳಿದರೆ ಕಾಲೋನಿ ನಡೆದುಹೋಗುವ ದೂರ. ಮಕ್ಕಳಿದ್ದರೆ ಅಲ್ಲಿಂದ ಖನ್ನಾ ಮಾರ್ಕೆಟ್‌ವರೆಗೆ ಆಟೋ ಹಿಡಿಯುವುದು ಒಳ್ಳೆಯದು. ನೋಡುವ ಜಾಗ ಶುರುವಾಗುವ ಮೊದಲೇ ಅವರ ಕಾಲಿನ ಶಕ್ತಿ ಖರ್ಚಾಗಬಾರದು. ಪಶ್ಚಿಮಕ್ಕೆ ಖನ್ನಾ ಮಾರ್ಕೆಟ್, ಪೂರ್ವಕ್ಕೆ ಮೆಹರ್‌ಚಂದ್ ಮಾರ್ಕೆಟ್. ಇವೆರಡರ ನಡುವಿನ ಓಣಿಗಳೇ ನಮ್ಮ ತಿರುಗಾಟದ ಸೀಮೆ.

ಹೊಸದಿಲ್ಲಿ ಕಟ್ಟಿದ ಬ್ರಿಟಿಷರು ಕೊನೆಯದಾಗಿ ಎಬ್ಬಿಸಿದ ಸರ್ಕಾರಿ ವಸತಿ ಬಡಾವಣೆ ಇದು, 1940ರ ದಶಕದ್ದು. ಗುಮಾಸ್ತರಿಗೆ, ಸಣ್ಣ ಅಧಿಕಾರಿಗಳಿಗೆ ಕಟ್ಟಿದ ಮನೆಗಳು. ಇಂದಿಗೂ ಇಲ್ಲಿರುವವರು ಹೆಚ್ಚಾಗಿ ಕೇಂದ್ರ ಸರ್ಕಾರದ ನೌಕರರೇ. ಬಹಳ ಎತ್ತರವಿಲ್ಲದ ಉದ್ದುದ್ದ ಕಟ್ಟಡಗಳು, ಎರಡು ಕಟ್ಟಡಗಳನ್ನು ಸೇರಿಸುವ ದೊಡ್ಡ ಕಮಾನು, ಕಮಾನಿನ ಒಳಗೆ ಹುಲ್ಲಿನ ಅಂಗಳ. ಬೀದಿಗೆ ಮುಖ ಮಾಡಿದ ಪಕ್ಕದ ಗೋಡೆಗಳು ಮಾತ್ರ ಸಿನಿಮಾ ಪರದೆಯಷ್ಟು ಅಗಲ. ಕಾಲುದಾರಿಯೂ ಅಗಲವಾಗಿದೆ. ಚಿತ್ರವನ್ನು ಪೂರ್ತಿ ನೋಡಲು ಹಿಂದೆ ಹಿಂದೆ ಸರಿಯುವ ಮಗುವನ್ನು ರಸ್ತೆಗೆ ಇಳಿಯದಂತೆ ಹಿಡಿದುಕೊಳ್ಳುವಷ್ಟು ಎಚ್ಚರ ಇದ್ದರೆ ಸಾಕು.

ಈ ಗೋಡೆಗಳ ಮೇಲೆ ಕಣ್ಣಿಟ್ಟವರು ಸ್ಟಾರ್ಟ್ ಇಂಡಿಯಾ ಫೌಂಡೇಶನ್ನಿನ ಗೆಳೆಯರು. ಇವರು 2014ರಲ್ಲಿ ದೆಹಲಿಯ ಬೀದಿಗಳಲ್ಲಿ ಕೆಲಸ ಶುರು ಮಾಡಿ, 2015-16ರ ಹೊತ್ತಿಗೆ ಲೋಧಿ ಕಾಲೋನಿಗೆ ಬಂದರು. ದೇಶ ವಿದೇಶಗಳ ಕಲಾವಿದರು ಏಣಿ, ಅಟ್ಟಣೆ ಹಾಕಿ ಗೋಡೆಗೊಂದು ಚಿತ್ರ ಬರೆದರು. ಈಗ ಐವತ್ತಕ್ಕೂ ಹೆಚ್ಚು ಗೋಡೆಗಳಿವೆ. ಇದಕ್ಕೆ ಲೋಧಿ ಆರ್ಟ್ ಡಿಸ್ಟ್ರಿಕ್ಟ್ ಎಂದು ಹೆಸರು. ಈ ಗೆಳೆಯರಲ್ಲಿ ಒಬ್ಬರಾದ ಹನೀಫ್ ಕುರೇಶಿ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅಂಗಡಿ ಬೋರ್ಡು, ಲಾರಿಯ ಹಿಂಭಾಗ ಬರೆಯುವ ಪೇಂಟರುಗಳ ಅಕ್ಷರಗಳನ್ನು ಅಳಿಯದಂತೆ ಕೂಡಿಟ್ಟ ಮನುಷ್ಯ ಅವರು. ಫ್ರಾನ್ಸಿನ ಲೆಕ್ ಮತ್ತು ಸೋವಾ ಜೊತೆ ಅವರು ‘ವಿ ಲವ್ ದಿಲ್ಲಿ’ ಎಂಬ ಗೋಡೆಯನ್ನು ಇಲ್ಲಿ ಬರೆದಿದ್ದಾರೆ. ನಮ್ಮೂರುಗಳಲ್ಲೂ ಕೈಬರಹದ ಬೋರ್ಡುಗಳು ಹೋಗಿ ಫ್ಲೆಕ್ಸ್ ಬಂದ ಮೇಲೆ ಇಂಥ ಕೆಲಸದ ಬೆಲೆ ಗೊತ್ತಾಗುತ್ತದೆ.

ದೊಡ್ಡವರು ಗೋಡೆಯಿಂದ ಗೋಡೆಗೆ ಹೋಗುತ್ತಾರೆ, ಮಕ್ಕಳು ಹಾಗೆ ಹೋಗುವುದಿಲ್ಲ. ತಂಗಿಯ ಗಂಡ ಮ್ಯಾಪ್ ತೆರೆದು ಮುಂದಿನ ಚಿತ್ರ ಎಲ್ಲಿದೆ ಎಂದು ಹುಡುಕುತ್ತಿದ್ದರೆ, ಐದರ ಹುಡುಗಿ ಮೊದಲ ಗೋಡೆಯ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದಳು. ಮೆಕ್ಸಿಕೋದ ಸೆಂಕೋ ಬರೆದ ಹಕ್ಕಿಗಳ ಗೋಡೆಯ ಮುಂದೆ ಮಾತ್ರ ಅವಳು ತಾನಾಗಿ ನಿಂತಳು. ಯಾವ ಹಕ್ಕಿಗೆ ಯಾವ ಬಣ್ಣ ಎಂದು ಬೆರಳು ಮಾಡಿ ಹೇಳುತ್ತಾ ಹೋದಳು. ನಾವು ಅವಳನ್ನು ಅವಸರಪಡಿಸಲಿಲ್ಲ. ಹಾಗೆ ನಿಂತ ಒಂದೊಂದು ಗಳಿಗೆಯೂ ಮುಂದಿನ ಒಂದು ಗೋಡೆಯನ್ನು ತಿಂದುಹಾಕುತ್ತದೆ, ತಿನ್ನಲಿ. ಐವತ್ತು ಗೋಡೆಗಳನ್ನೂ ಮುಗಿಸುತ್ತೇನೆಂದು ಹೊರಟರೆ ಐದರ ಮಗುವಿಗೆ ಹತ್ತನೆಯ ಗೋಡೆಯ ಹೊತ್ತಿಗೆ ಎಲ್ಲವೂ ಒಂದೇ ಬಣ್ಣವಾಗಿ ಕಾಣುತ್ತದೆ. ಎಂಟು ಹತ್ತು ಗೋಡೆಗಳಿಗೆ ಒಂದೂವರೆ ಗಂಟೆ ಎಂದು ಇಟ್ಟುಕೊಂಡರೆ ಹೊತ್ತು ಎಲ್ಲರಿಗೂ ಸರಿಹೋಗುತ್ತದೆ.

ಒಂಬತ್ತರ ಹುಡುಗನಿಗೆ ಹಿಡಿಸಿದ್ದು ದಾಕು ಎಂಬ ಹೆಸರಿನಿಂದಷ್ಟೇ ಗುರುತಿಸಿಕೊಳ್ಳುತ್ತಿದ್ದ ಕಲಾವಿದನ ಕೆಲಸ. ಅದರಲ್ಲಿ ಗೋಡೆಯ ಮೇಲೆ ಬಣ್ಣದ ಅಕ್ಷರಗಳಿಲ್ಲ. ಗೋಡೆಯಿಂದ ಅಡ್ಡಲಾಗಿ ಹೊರಚಾಚಿದ ಅಕ್ಷರಗಳ ನೆರಳು ಬಿಸಿಲು ಬಿದ್ದಾಗ ಗೋಡೆಯ ಮೇಲೆ ಪದಗಳಾಗಿ ಮೂಡುತ್ತದೆ. ಸೂರ್ಯ ಸರಿದಂತೆ ಪದಗಳು ಓರೆಯಾಗುತ್ತವೆ, ನೀಳವಾಗುತ್ತವೆ, ಕೊನೆಗೆ ಇಲ್ಲವಾಗುತ್ತವೆ. ಮೋಡದ ದಿನ ಏನೂ ಇಲ್ಲ. ಅಕ್ಷರ ಸ್ಪಷ್ಟವಾಗಬೇಕಾದರೆ ಬಿಸಿಲು ನೆತ್ತಿಯ ಹತ್ತಿರ ಬರಬೇಕು. ಹುಡುಗ ಕೇಳಿದ, “ದೊಡ್ಡಮ್ಮ, ಮಧ್ಯಾಹ್ನದವರೆಗೂ ಇಲ್ಲೇ ಇರೋಣ್ವಾ?” ತಂಗಿ ಬೇಡವೆನ್ನುವ ಮೊದಲೇ ನಾನು ಅವನಿಗೆ ಇನ್ನೊಂದು ದಾರಿ ಹೇಳಿದೆ. ಈಗ ಒಂದು ಫೋಟೋ ತೆಗೆ, ಪೂರ್ವದ ಓಣಿ ಮುಗಿಸಿ ಹಿಂತಿರುಗುವಾಗ ಇನ್ನೊಂದು ತೆಗೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡು. ಅವನು ಹಾಗೇ ಮಾಡಿದ. ತಂಗಿಯ ಕಡೆ ತಿರುಗಿ ನೆರಳು ಎಷ್ಟು ಬೆರಳು ಸರಿದಿದೆ ಎಂದು ತೋರಿಸುತ್ತಿದ್ದ. ಒಂದು ಜಾಗದಲ್ಲಿ ಎಷ್ಟು ಹೊತ್ತು ಇರಬೇಕೆಂಬುದು ಆ ಬೆಳಿಗ್ಗೆ ಅವನ ಲೆಕ್ಕವೂ ಆಗಿತ್ತು. ಮಕ್ಕಳನ್ನು ಕೇಳದೆ ದೊಡ್ಡವರೇ ಗಡಿಯಾರ ಹಿಡಿದರೆ ಅವರಿಗೆ ಉಳಿಯುವುದು ‘ಇನ್ನೂ ಎಷ್ಟು ಹೊತ್ತು’ ಎಂಬ ಪ್ರಶ್ನೆಯೊಂದೇ.

ಬೆಂಗಳೂರಿನ ಅರವಾನಿ ಆರ್ಟ್ ಪ್ರಾಜೆಕ್ಟ್‌ನವರೂ ಇಲ್ಲಿ ಗೋಡೆ ಬರೆದಿದ್ದಾರೆ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಕಲಾವಿದರ ಜೊತೆ ಸೇರಿ ಬೀದಿಯಲ್ಲಿ ಚಿತ್ರ ಬರೆಯುವ ಬಳಗ ಅದು. ಸಿಗ್ನಲ್ಲಿನಲ್ಲಿ ಕಂಡರೆ ಕಾರಿನ ಗಾಜು ಏರಿಸುವ ಜನರ ಮುಂದೆ ಅವರು ಗೋಡೆಯೆತ್ತರ ಏಣಿ ಹತ್ತಿ ನಿಂತು ಬಣ್ಣ ಹಚ್ಚಿದರು. ಇದನ್ನು ಮಕ್ಕಳಿಗೆ ನೇರವಾಗಿ ಹೇಳಬಹುದು, ಹೇಳಬೇಕು. ಅವರು ಕೇಳುವ ಪ್ರಶ್ನೆಗಳಿಗೆ ಹತ್ತು ನಿಮಿಷ ಕೊಡಿ.

ಒಂದು ಮಾತು ಮರೆಯಬಾರದು. ಬಣ್ಣದ ಗೋಡೆಗಳ ಹಿಂದೆ ಸಂಸಾರಗಳಿವೆ. ಕಮಾನಿನೊಳಗೆ ಬಟ್ಟೆ ಒಣಗಿಹಾಕಿರುತ್ತಾರೆ, ಕುರ್ಚಿ ಹಾಕಿಕೊಂಡು ಅಜ್ಜಂದಿರು ಕೂತಿರುತ್ತಾರೆ, ಯಾರೋ ಕಡ್ಲೆಕಾಯಿ ಸುಲಿಯುತ್ತಿರುತ್ತಾರೆ. ಫೋಟೋದವರ ದಂಡು ಶನಿವಾರ ಭಾನುವಾರ ಹೆಚ್ಚು. ಮಕ್ಕಳು ಅಂಗಳಕ್ಕೆ ನುಗ್ಗಿದರೆ ಯಾರೂ ಬೈಯಲಿಕ್ಕಿಲ್ಲ, ಆದರೂ ಇದು ಯಾರದೋ ಮನೆ ಎಂಬುದನ್ನು ಹೊರಡುವ ಮೊದಲೇ ಹೇಳಿಟ್ಟರೆ ಅವರಿಗೆ ಅರ್ಥವಾಗುತ್ತದೆ. ಗೋಡೆಗಳೂ ಶಾಶ್ವತವಲ್ಲ. ಬಿಸಿಲಿಗೆ, ಮಳೆಗೆ ಕೆಲವು ಮಾಸಿವೆ, ಕೆಲವು ಕಡೆ ಗಾರೆ ಕಿತ್ತು ಮುಖವೋ ರೆಕ್ಕೆಯೋ ಅರ್ಧ ಹೋಗಿದೆ, ಕೆಲವು ಕಡೆ ಹಳೆಯದರ ಮೇಲೆ ಹೊಸ ಚಿತ್ರ ಬಂದಿದೆ. ಇಂಟರ್ನೆಟ್ಟಿನಲ್ಲಿ ನೋಡಿದ ಚಿತ್ರವೇ ಸಿಗಬೇಕೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ಲೋಧಿ ರಸ್ತೆಯ ಆಚೆ ಬದಿಗೆ ಲೋಧಿ ಎಸ್ಟೇಟ್. ಅಲ್ಲಿ ದೆಹಲಿ ಕನ್ನಡ ಸೀನಿಯರ್ ಸೆಕೆಂಡರಿ ಶಾಲೆ ಇದೆ. ಕೆಲಸಕ್ಕಾಗಿ ರಾಜಧಾನಿಗೆ ಬಂದ ಕನ್ನಡಿಗರು ತಮ್ಮ ಮಕ್ಕಳ ಓದಿಗೆಂದು ಕಟ್ಟಿಕೊಂಡ ಸಂಸ್ಥೆ. ಅದೇ ಆಸುಪಾಸಿನಲ್ಲಿ ತಮಿಳರ ಶಾಲೆಯೂ ಇದೆ. ಬೋರ್ಡಿನ ಮೇಲೆ ‘ಕನ್ನಡ’ ಎಂಬುದನ್ನು ಓದಿದ ಹುಡುಗ ಗೋಡೆಚಿತ್ರಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಗೇಟಿನ ಮುಂದೆ ನಿಂತ. ಇಲ್ಲಿನ ಮಕ್ಕಳೂ ಕನ್ನಡ ಮಾತಾಡುತ್ತಾರಾ, ಅವರಿಗೂ ದಸರಾ ರಜೆ ಇದೆಯಾ ಎಂದೆಲ್ಲ ಕೇಳಿದ. ಪಟ್ಟಿಯಲ್ಲಿ ಇಂಥದಕ್ಕೆ ಗಂಟೆ ಬರೆದಿಡಲು ಬರುವುದಿಲ್ಲ. ಆದ್ದರಿಂದಲೇ ಯಾವ ದಿನದ ಪಟ್ಟಿಯಲ್ಲೂ ಒಂದು ಗಂಟೆ ಯಾವುದಕ್ಕೂ ಹಂಚದೆ ಬಿಡಬೇಕು ಎಂದು ನಾನು ಊರಿನಿಂದ ಬರುವ ಎಲ್ಲರಿಗೂ ಹೇಳುತ್ತೇನೆ.

ರಸ್ತೆ ದಾಟಿದರೆ ಲೋಧಿ ಗಾರ್ಡನ್. ಇಲ್ಲೂ ಟಿಕೆಟ್ ಇಲ್ಲ. ಸುಮಾರು 90 ಎಕರೆ. ಇಲ್ಲಿ ಖೈರ್‌ಪುರ ಎಂಬ ಹಳ್ಳಿ ಇತ್ತು. ಅದನ್ನು ಎಬ್ಬಿಸಿ ಗೋರಿಗಳ ಸುತ್ತ ತೋಟ ಮಾಡಿ, ವೈಸರಾಯನ ಹೆಂಡತಿಯ ಹೆಸರಿನಲ್ಲಿ ಲೇಡಿ ವಿಲ್ಲಿಂಗ್ಡನ್ ಪಾರ್ಕ್ ಎಂದು 1936ರಲ್ಲಿ ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಲೋಧಿ ಗಾರ್ಡನ್ ಆಯಿತು. ಈಗಿನ ರೂಪ 1968ರಲ್ಲಿ ಜೋಸೆಫ್ ಅಲೆನ್ ಸ್ಟೈನ್ ಮತ್ತು ಗ್ಯಾರೆಟ್ ಎಕ್ಬೊ ಕೊಟ್ಟದ್ದು. ಹತ್ತಿರದ ಇಂಡಿಯಾ ಹ್ಯಾಬಿಟಾಟ್ ಸೆಂಟರ್ ಕೂಡ ಸ್ಟೈನ್ ಅವರ ಕೈಯದೇ.

ಮಗುವಿಗೆ ಈ ಇಸವಿಗಳು ಬೇಡ. ಅಠ್‌ಪುಲಾ ಬೇಕು. ಅಕ್ಬರನ ಕಾಲದ ಕಲ್ಲಿನ ಸೇತುವೆ ಅದು, ಎಂಟು ಕಂಬಗಳ ಮೇಲೆ ನಿಂತಿದೆ. ಕಂಬ ಎಂಟಾದರೆ ಕಮಾನು ಎಷ್ಟು ಎಂದು ಕೇಳಿ ಸುಮ್ಮನಿದ್ದುಬಿಡಿ. ನಮ್ಮ ಹುಡುಗಿ ಎಂಟು ಎಂದಳು, ಎಣಿಸಿದಳು, ಏಳು ಬಂತು, ನಂಬದೆ ಆಚೆ ದಡದಿಂದ ಮತ್ತೆ ಎಣಿಸಿದಳು. ಅಷ್ಟರಲ್ಲಿ ನೀರಿನಲ್ಲಿ ಬಾತುಕೋಳಿಗಳು ಬಂದವು, ಲೆಕ್ಕ ನಿಂತಿತು. ವಿಜಯಪುರದ ಗೋಲಗುಂಬಜ್ ನೋಡಿ ಬಂದಿದ್ದ ಹುಡುಗ ಬಡಾ ಗುಂಬದ್‌ನ ಒಳಗೆ ಹೋಗಿ ಕೂಗಿ ನೋಡಿದ. ಗೋಲಗುಂಬಜಿನ ಪಿಸುಗುಟ್ಟುವ ಗ್ಯಾಲರಿಯ ಹಾಗೆ ಇದು ಮತ್ತೆ ಮತ್ತೆ ಮರುನುಡಿಯುವುದಿಲ್ಲ. ಏಕೆ ಎಂದು ಕೇಳಿದ. ಅಲ್ಲಿನ ಗುಂಬಜ್ ಎಷ್ಟು ದೊಡ್ಡದು, ಇಲ್ಲಿನದು ಎಷ್ಟು ಸಣ್ಣದು ಎಂದು ಅಪ್ಪ ಮಗ ಹುಲ್ಲಿನ ಮೇಲೆ ಕಡ್ಡಿಯಿಂದ ಗೀಚಿ ಮಾತಾಡಿಕೊಂಡರು. ಸೈಯದ್ ದೊರೆ ಮುಹಮ್ಮದ್ ಶಾನ 1444ರ ಎಂಟು ಮೂಲೆಯ ಗೋರಿ, ಸಿಕಂದರ್ ಲೋಧಿಯ ಕೋಟೆಗೋಡೆಯೊಳಗಿನ ಗೋರಿ, ನೀಲಿ ಹೆಂಚಿನ ತುಣುಕುಗಳು ಉಳಿದಿರುವ ಶೀಶ್ ಗುಂಬದ್, ಎಲ್ಲವೂ ಓಡಿಕೊಂಡೇ ಮುಗಿದವು. ಅಷ್ಟೇ ಸಾಕು. ಗಾರ್ಡನ್ನಿಗೆ ಇಷ್ಟು ಗಂಟೆ ಎಂದು ನಾನು ಹೇಳುವುದಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ, ಬಾಟಲಿಯಲ್ಲಿ ನೀರು, ಹಾಸಲು ಒಂದು ಬೆಡ್‌ಶೀಟ್ ಇದ್ದರೆ ಹಸಿವು ನಿದ್ದೆಗಳೇ ಹೊರಡುವ ಹೊತ್ತನ್ನು ಹೇಳುತ್ತವೆ.

ಋತುವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನಮ್ಮೂರಿನ ಬೇಸಿಗೆ ರಜೆ ಏಪ್ರಿಲ್-ಮೇ. ಆಗ ದೆಹಲಿಯಲ್ಲಿ ನಲವತ್ತು ಡಿಗ್ರಿ ದಾಟಿ ಲೂ ಎಂಬ ಬಿಸಿಗಾಳಿ ಬೀಸುತ್ತದೆ. ಮೇ ತಿಂಗಳಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಬೆಳಕು. ಆರಕ್ಕೆ ಹೊರಟು ಒಂಬತ್ತಕ್ಕೆ ಮನೆ ಸೇರಬೇಕು. ಡಿಸೆಂಬರಿನಲ್ಲಿ ಸೂರ್ಯ ಏಳರ ಮೇಲೆ ಎದ್ದು ಸಂಜೆ ಐದೂವರೆಗೆ ಮುಳುಗುತ್ತಾನೆ, ಮಂಜು ಬಿಡಲು ಹತ್ತಾಗುತ್ತದೆ. ಕರ್ನಾಟಕದಲ್ಲಿ ಹಗಲಿನ ಅಳತೆ ಇಷ್ಟು ಏರಿಳಿಯುವುದಿಲ್ಲವಾದ್ದರಿಂದ ಊರಿನವರು ಇದನ್ನು ಎಣಿಸಿರುವುದಿಲ್ಲ. ದೀಪಾವಳಿಯ ಸುತ್ತಮುತ್ತ ಹೊಗೆ ಕಟ್ಟಿಕೊಳ್ಳುತ್ತದೆ. ಗಾಳಿ ಕೆಟ್ಟ ದಿನ ಎಷ್ಟೇ ಒಳ್ಳೆಯ ಜಾಗವಾದರೂ ಚಿಕ್ಕ ಮಕ್ಕಳನ್ನು ಹೊರಗೆ ಓಡಿಸಬಾರದು. ದಸರಾ ರಜೆ, ಇಲ್ಲವೇ ಫೆಬ್ರುವರಿ ಕೊನೆಯಿಂದ ಮಾರ್ಚ್, ಇವೆರಡೇ ನೆಮ್ಮದಿಯ ಕಾಲ.

ಮಧ್ಯಾಹ್ನ ಮನೆಗೆ ಬಂದು ಮಲಗಿದೆವು. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಆದರೆ ಇದೇ ಮುಖ್ಯ. ಒಂದು ಗಂಟೆ ನಿದ್ದೆ ಮಾಡಿದ ಮಗುವಿಗೆ ಸಂಜೆ ಹೊಸದಾಗಿ ಶುರುವಾಗುತ್ತದೆ.

ಸಂಜೆಗೆ ಪಟ್ಟಿಯ ಖಾಲಿ ಸಾಲು. ಲೋಧಿ ಕಾಲೋನಿಯಿಂದ ಆಟೋದಲ್ಲಿ ಸ್ವಲ್ಪ ದೂರ, ನಿಜಾಮುದ್ದೀನ್ ನಿಲ್ದಾಣದ ಆಚೆ ಸರಾಯ್ ಕಾಲೇ ಖಾನ್. ಅಲ್ಲಿನ ವೃತ್ತಕ್ಕೆ 2024ರ ನವೆಂಬರಿನಿಂದ ಬಿರ್ಸಾ ಮುಂಡಾ ಚೌಕ್ ಎಂದು ಹೆಸರು. ಅಲ್ಲೇ ವೇಸ್ಟ್ ಟು ವಂಡರ್ ಪಾರ್ಕ್. ದಕ್ಷಿಣ ದೆಹಲಿ ನಗರಪಾಲಿಕೆ 2019ರ ಫೆಬ್ರುವರಿಯಲ್ಲಿ ತೆರೆದ ಈ ಥೀಮ್ ಪಾರ್ಕಿನಲ್ಲಿ ಜಗತ್ತಿನ ಏಳು ಅದ್ಭುತಗಳ ಪ್ರತಿರೂಪಗಳಿವೆ: ತಾಜ್ ಮಹಲ್, ಐಫೆಲ್ ಟವರ್, ಪೀಸಾದ ವಾಲುಗೋಪುರ, ಗೀಜಾದ ಪಿರಮಿಡ್, ರೋಮಿನ ಕೊಲೋಸಿಯಂ, ರಿಯೋದ ಕ್ರಿಸ್ತ, ನ್ಯೂಯಾರ್ಕಿನ ಸ್ವಾತಂತ್ರ್ಯದೇವಿ. ಎಲ್ಲವನ್ನೂ ಕಟ್ಟಿದ್ದು ಗುಜರಿ ಸಾಮಾನಿನಿಂದ, ಸುಮಾರು 150 ಟನ್ ಗುಜರಿ. ಇಂಥದೇ ಏಳು ಅದ್ಭುತಗಳ ಪಾರ್ಕ್ ರಾಜಸ್ಥಾನದ ಕೋಟಾದಲ್ಲಿ ಮೊದಲೇ ಇತ್ತು, ಗುಜರಿಯ ಯೋಚನೆ ದೆಹಲಿಯವರದು.

ಇಲ್ಲಿ ಎಷ್ಟು ಹೊತ್ತು ಎಂಬುದು ನೋಡುವ ಬಗೆಯ ಮೇಲೆ ನಿಂತಿದೆ. ಒಂದೊಂದು ಅದ್ಭುತದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಆಮೇಲೆ ಮಕ್ಕಳು ಐಸ್‌ಕ್ರೀಮಿಗೆ ಹಟ ಮಾಡುತ್ತಾರೆ. ನಾವು ಅವರಿಗೆ ಬೇರೆ ಕೆಲಸ ಕೊಟ್ಟೆವು: ಇದು ಮೊದಲು ಏನಾಗಿತ್ತು ಹುಡುಕಿ. ಹುಡುಗ ಸೈಕಲ್ ರಿಂಗು ಕಂಡುಹಿಡಿದ, ಅವನಪ್ಪ ಲೈಟು ಕಂಬ, ತಂಗಿ ಹಳೆಯ ಪೈಪು, ಹುಡುಗಿ ಚೈನು. ಕಬ್ಬಿಣದ ತುಂಡೊಂದು ಮೋಟಾರು ಗಾಡಿಯ ಯಾವ ಭಾಗ ಎಂದು ಅಪ್ಪ ಮಗನಿಗೆ ವಾದವೇ ನಡೆಯಿತು. ಪಕ್ಕದಲ್ಲಿ ನಿಂತಿದ್ದ ಹರಿಯಾಣದ ಅಜ್ಜ ಒಬ್ಬರು ಹಿಂದಿಯಲ್ಲಿ ತೀರ್ಪು ಕೊಟ್ಟರು. ಹೀಗೆ ನೋಡಿದರೆ ಒಂದೂವರೆ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಹಗಲಿನಲ್ಲಿ ಕಬ್ಬಿಣ ಕಾದಿರುತ್ತದೆ. ಬೆಳಕಿರುವಾಗಲೇ ಒಳಗೆ ಹೋಗಿ, ದೀಪ ಹತ್ತಿದ ಮೇಲೆ ಹೊರಬರುವುದು ಸರಿ, ಏಕೆಂದರೆ ಗುಜರಿಯ ತುಂಡುಗಳು ಕಾಣುವುದು ಬೆಳಕಿನಲ್ಲಿ, ಗೋಪುರಗಳು ಚೆಂದ ಕಾಣುವುದು ದೀಪದಲ್ಲಿ. ಉಯ್ಯಾಲೆ, ಜಾರುಬಂಡಿ, ರೋಲರ್ ಕೋಸ್ಟರ್ ನಿರೀಕ್ಷಿಸಿ ಬರುವವರಿಗೆ ಇದು ಆ ಬಗೆಯ ಪಾರ್ಕ್ ಅಲ್ಲ ಎಂದು ಮೊದಲೇ ಹೇಳಬೇಕು.

ಆ ಬಗೆಯದು ಊರ ನಡುವೆಯೇ ಇತ್ತು. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರಿನಲ್ಲಿ 1984ರಲ್ಲಿ ಪ್ರಗತಿ ಮೈದಾನದಲ್ಲಿ ಅಪ್ಪು ಘರ್ ತೆರೆಯಿತು, 2008ರಲ್ಲಿ ಮುಚ್ಚಿತು. ಜಾಗ ಸುಪ್ರೀಂ ಕೋರ್ಟಿಗೆ, ಮೆಟ್ರೋಗೆ ಹೋಯಿತು. ಆಗ ದೆಹಲಿಯಲ್ಲಿ ಬೆಳೆದ ಕನ್ನಡದ ಮಕ್ಕಳು, ಈಗ ತಾವೇ ಅಪ್ಪ ಅಮ್ಮಂದಿರಾದವರು, ಅದರ ಮಾತು ಬಂದರೆ ಇಂದಿಗೂ ಅರಳುತ್ತಾರೆ. ಅಂಥ ಪಾರ್ಕುಗಳು ಈಗ ನೊಯ್ಡಾ, ಗುರುಗ್ರಾಮ, ರೋಹಿಣಿಯ ಕಡೆ. ಹೋಗಿ ಬರುವುದರಲ್ಲೇ ಎರಡು ಮೂರು ಗಂಟೆ ಕರಗುತ್ತದೆ, ಅದನ್ನು ಸೇರಿಸಿದರೆ ಇಡೀ ದಿನ. ಮೈಸೂರಿನ ಮಕ್ಕಳಿಗೆ ಜಿಆರ್‌ಎಸ್ ಗೊತ್ತು, ಬೆಂಗಳೂರಿನವರಿಗೆ 2005ರಿಂದ ಬಿಡದಿಯ ಬಳಿ ವಂಡರ್‌ಲಾ ಇದೆ. ಅಲ್ಲಿ ಮಕ್ಕಳ ಟಿಕೆಟ್ಟಿಗೂ ಎಷ್ಟೋ ಆಟಗಳಿಗೂ ಎತ್ತರ ನೋಡುತ್ತಾರೆ. ಅಣ್ಣ ಹತ್ತುವ ಆಟಕ್ಕೆ ತಂಗಿಯನ್ನು ಬಿಡುವುದಿಲ್ಲ, ಇಬ್ಬರಲ್ಲಿ ಒಬ್ಬರು ಅಪ್ಪನ ಜೊತೆ, ಇನ್ನೊಬ್ಬರು ಅಮ್ಮನ ಜೊತೆ ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ. ಊರಲ್ಲೇ ಸಿಗುವ ಇದಕ್ಕಾಗಿ ದೆಹಲಿಯ ಒಂದು ದಿನವನ್ನು ಕೊಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಟಿಕೆಟ್ ಬಗ್ಗೆ ತಂಗಿಗೆ ಹೇಳಿದ ಮಾತನ್ನು ಇಲ್ಲೂ ಹೇಳುತ್ತೇನೆ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಾಲ್ಕು ಜನರ ಟಿಕೆಟ್ ತೆಗೆದ ಮೇಲೆ ಹಣ ಮಾತಾಡತೊಡಗುತ್ತದೆ. ‘ಇಷ್ಟು ಕೊಟ್ಟಿದ್ದೀವಿ, ಇನ್ನೂ ಅದು ನೋಡಿಲ್ಲ, ಇದು ಹತ್ತಿಲ್ಲ’ ಎಂದು ಸುಸ್ತಾದ ಮಗುವನ್ನು ಎಳೆದುಕೊಂಡು ಹೋಗುತ್ತೇವೆ. ಹಾಗೆ ಕಳೆದ ಕೊನೆಯ ಎರಡು ಗಂಟೆ, ಮೊದಲು ನೋಡಿದ ಸಂತೋಷವನ್ನೂ ಅಳಿಸುತ್ತದೆ. ಟಿಕೆಟ್ ಇಲ್ಲದ ಲೋಧಿ ಕಾಲೋನಿಯಲ್ಲಿ ಹಾಗಾಗುವುದಿಲ್ಲ. ಮೂರನೆಯ ಗೋಡೆಗೆ ಸಾಕೆಂದರೆ ಅಲ್ಲೇ ಬಿಟ್ಟು ಹೊರಡಬಹುದು, ಮರುದಿನ ಮತ್ತೆ ಬರಬಹುದು. ಟಿಕೆಟ್ ಇರುವ ಜಾಗಕ್ಕೂ ಅದೇ ಮನಸ್ಸಿನಿಂದ ಹೋಗಬೇಕು. ಒಳಗೆ ಹೋಗುವಾಗಲೇ ‘ಹುಡುಗಿ ಎರಡನೆಯ ಸಲ ಎತ್ಕೋ ಅಂದರೆ ಹೊರಡೋಣ’ ಎಂದು ದೊಡ್ಡವರು ತಮ್ಮೊಳಗೆ ಮಾತಾಡಿಕೊಂಡಿದ್ದರೆ ಆಮೇಲೆ ವಾದ ಬೇಕಾಗುವುದಿಲ್ಲ. ಒಂಬತ್ತರ ಮಗನಿಗೆ ಇನ್ನೂ ಇರಬೇಕೆನಿಸಿದರೆ ಒಬ್ಬರು ಅವನ ಜೊತೆ ಉಳಿಯಲಿ, ಇನ್ನೊಬ್ಬರು ಚಿಕ್ಕವಳನ್ನು ಕರೆದುಕೊಂಡು ಹೊರಗೆ ಬರಲಿ. ಇಬ್ಬರನ್ನೂ ಒಂದೇ ಗಡಿಯಾರಕ್ಕೆ ಕಟ್ಟಬೇಕಾಗಿಲ್ಲ.

ಇನ್ನೊಂದು ಅರ್ಧ ದಿನ ಇರುವವರಿಗೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಹೇಳುತ್ತೇನೆ, ಲೋಧಿ ಕಾಲೋನಿಯಿಂದ ದೂರವಲ್ಲ. 1977ರಲ್ಲಿ ತೆರೆದದ್ದು, ಸೋಮವಾರ ರಜೆ. ಒಳಗೆ ಹೋದ ಕೂಡಲೇ ಪುಟಾಣಿ ರೈಲಿನ ಟಿಕೆಟ್ ಕೇಳಿ, ಮಧ್ಯಾಹ್ನದ ಹೊತ್ತಿಗೆ ಸಾಲು ಬೆಳೆಯುತ್ತದೆ. ರೈಲು ಸುತ್ತಿಬಂದ ಮೇಲೆ ಮಕ್ಕಳನ್ನು ಮೈಸೂರು ಮಹಾರಾಜರ ಸಲೂನ್ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ. ಅರಮನೆಯನ್ನು ಊರಲ್ಲಿ ನೋಡಿದ ಮಕ್ಕಳಿಗೆ ಅದರ ಒಂದು ತುಂಡು ಚಕ್ರದ ಮೇಲೆ ಕೂತು ಇಷ್ಟು ದೂರ ಬಂದಿರುವುದನ್ನು ಕಿಟಕಿಯಿಂದ ಇಣುಕಿ ನೋಡಲು ಎಷ್ಟು ಹೊತ್ತು ಬೇಕೋ ಅಷ್ಟು ಕೊಡಿ.